ಡ್ರಾಯಿಂಗ್ ಒಂದೇ ಕಡೆ, ಲಿಂಕ್ ಎಲ್ಲ ಕಡೆ: ಕಾರ್ಖಾನೆ ಮಾಹಿತಿ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ತುಮಕೂರು ಸುತ್ತಲಿನ ಮೆಷಿನ್ ಶಾಪ್‌ಗಳಿಂದ ಬಂದಿವೆ, ಒಂದು ಕೋಲಾರದ ಕಡೆಯದು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಉದ್ದವಿದ್ದವನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ 14 ಸಿಎನ್‌ಸಿ ಮೆಷಿನ್‌ಗಳ ಶಾಪ್. ಡ್ರಾಯಿಂಗ್ ಇಮೇಲ್‌ನಲ್ಲಿ, ಪ್ರೊಸೆಸ್ ಶೀಟ್ ಎಕ್ಸೆಲ್‌ನಲ್ಲಿ, ಪ್ರೋಗ್ರಾಂ ಸೆಟ್ಟರ್‌ನ ಪೆನ್‌ಡ್ರೈವ್‌ನಲ್ಲಿ, ಸೆಟಪ್ ಫೋಟೋ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಇವೆ. ಡ್ರಾಯಿಂಗ್‌ನ ಹಳೇ ರಿವಿಷನ್ (ತಿದ್ದುಪಡಿಗೆ ಮುಂಚಿನ ಆವೃತ್ತಿ) ನೋಡಿಕೊಂಡು ಒಂದು ಲಾಟ್ ಪೂರ್ತಿ ಹೊಡೆದು ರಿಜೆಕ್ಟ್ ಆಯಿತು. ಹೈಪರ್‌ಮೀಡಿಯಾ ಸಿಸ್ಟಂ ಹಾಕಿಕೊಳ್ಳಿ ಎಂದು ಸಲಹೆ ಬಂದಿದೆ. ಅದೇನು? ನಮ್ಮಂಥ ಸಣ್ಣವರಿಗೆ ಆಗುತ್ತದೆಯೇ?
(ಮಾಲೀಕರು, ವಸಂತನರಸಾಪುರ)

ಉತ್ತರ: ಆಗುತ್ತದೆ. ಹೆಸರು ದೊಡ್ಡದಾದರೂ ನೀವು ದಿನವೂ ಬಳಸುವ ವಿಷಯವೇ. ಬರಹ, ಡ್ರಾಯಿಂಗ್, ಫೋಟೋ, ವಿಡಿಯೋಗಳನ್ನು ಲಿಂಕ್‌ಗಳಿಂದ ಒಂದಕ್ಕೊಂದು ಜೋಡಿಸಿ, ಒಂದನ್ನು ಒತ್ತಿದರೆ ಇನ್ನೊಂದಕ್ಕೆ ಹೋಗುವಂತೆ ಮಾಡಿದರೆ ಅದೇ ಹೈಪರ್‌ಮೀಡಿಯಾ. 1965ರಲ್ಲಿ ಟೆಡ್ ನೆಲ್ಸನ್ ಈ ಪದವನ್ನು ಬಳಕೆಗೆ ತಂದರು. ಇವತ್ತಿನ ವೆಬ್ ಅದರ ಅತಿ ದೊಡ್ಡ ರೂಪ. ವೆಬ್ ಹುಟ್ಟಿದ್ದೂ ನಿಮ್ಮಂಥದೇ ತಾಪತ್ರಯದಿಂದ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಜನ ಸಾಮಾನ್ಯವಾಗಿ ಎರಡು ವರ್ಷ ಇದ್ದು ಹೋಗುತ್ತಿದ್ದರು, ಅವರ ಜೊತೆಗೆ ಮಾಹಿತಿಯೂ ಹೋಗಿಬಿಡುತ್ತಿತ್ತು. ಅದನ್ನು ತಡೆಯಲು ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಬರೆದ ಪ್ರಸ್ತಾವವೇ ವೆಬ್‌ನ ಮೂಲ. ನಿಮ್ಮ ಸೆಟ್ಟರ್ ಜಾಸ್ತಿ ಸಂಬಳಕ್ಕೆ ಪಕ್ಕದ ಶೆಡ್‌ಗೆ ಹೋದಾಗ ಆಗುವುದೂ ಇದೇ.

ನಿಮಗೆ ಬೇಕಿರುವುದು ಶಾಪ್‌ನ ಒಳಗೇ ಓಡುವ ಒಂದು ವಿಕಿ, ಅಂದರೆ ಬ್ರೌಸರ್‌ನಲ್ಲೇ ತೆರೆದು ತಿದ್ದಬಹುದಾದ, ಲಿಂಕ್‌ಗಳಿಂದ ಜೋಡಿಸಿದ ಪುಟಗಳ ಗುಂಪು. ಡೋಕುವಿಕಿ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಅದಕ್ಕೆ ಡೇಟಾಬೇಸ್ ಬೇಡ. ಪ್ರತಿ ಪುಟವೂ ಒಂದು ಸಾದಾ ಟೆಕ್ಸ್ಟ್ ಫೈಲ್ ಆಗಿರುತ್ತದೆ. ಯಾರು ಯಾವಾಗ ಏನು ತಿದ್ದಿದರು ಎಂಬುದು ತಾನಾಗಿ ಉಳಿಯುತ್ತದೆ. ಫೋಲ್ಡರ್ ನಕಲು ಮಾಡಿಕೊಂಡರೆ ಬ್ಯಾಕಪ್ ಆಯಿತು.

ತಂತ್ರಾಂಶಕ್ಕಿಂತ ದೊಡ್ಡದು ಒಂದು ಶಿಸ್ತು: ಒಂದು ಮಾಹಿತಿ ಒಂದೇ ಕಡೆ ಇರಬೇಕು, ಬೇಕಾದ ಉಳಿದೆಲ್ಲ ಕಡೆ ಅದಕ್ಕೆ ಲಿಂಕ್ ಇರಬೇಕು. ನಿಮ್ಮ ಲಾಟ್ ಕೆಟ್ಟದ್ದು ಡ್ರಾಯಿಂಗ್ ಇಲ್ಲದ್ದಕ್ಕಲ್ಲ, ಮಾಹಿತಿ ನಾಲ್ಕು ಕಡೆ ಚದುರಿ ಹೋಗಿದ್ದದ್ದಕ್ಕೆ.

ಪಂಪ್ ಹೌಸಿಂಗ್ ಒಂದರ ಪಾರ್ಟ್ ನಂಬರ್ 4417 ಎಂದಿಟ್ಟುಕೊಳ್ಳಿ. ಪುಟದ ಹೆಸರು ಬರೀ 4417. ಪುಟದ ಮೇಲ್ಭಾಗದಲ್ಲಿ ಈಗ ಚಾಲ್ತಿಯಲ್ಲಿರುವ ಡ್ರಾಯಿಂಗ್‌ನ ಲಿಂಕ್, ರಿವಿಷನ್ ಅಕ್ಷರ, ಗ್ರಾಹಕರು ಬದಲಾವಣೆ ತಿಳಿಸಿದ ಪತ್ರದ ಲಿಂಕ್ ಇರಲಿ. ಕೆಳಗೆ ಆಪರೇಷನ್‌ಗಳು: 10 ಫೇಸಿಂಗ್, 20 ಬೋರಿಂಗ್, 30 ಡ್ರಿಲ್ ಮತ್ತು ಟ್ಯಾಪ್. ಒಂದೊಂದಕ್ಕೂ ಒಂದು ಸೆಟಪ್ ಪುಟ. ಅದರಲ್ಲಿ ಫಿಕ್ಸ್ಚರ್ (ಮೆಷಿನ್ ಮೇಲೆ ಪಾರ್ಟ್ ಹಿಡಿದಿಡುವ ಸಾಧನ) ನಂಬರ್, ಜಾಬ್ ಕೂರಿಸಿದ ಫೋಟೋ, ಪ್ರೋಗ್ರಾಂ ನಂಬರ್, ಟೂಲ್ ಪಟ್ಟಿ. ಎಂ6 ಟ್ಯಾಪ್‌ಗೆ 5 ಮಿ.ಮೀ. ಡ್ರಿಲ್ ಎಂಬುದಾಗಲಿ, ಸ್ಪೀಡ್ ಮತ್ತು ಫೀಡ್ ಆಗಲಿ ಈ ಸೆಟಪ್ ಪುಟದಲ್ಲಿ ಮಾತ್ರ ಇರಬೇಕು. ಪ್ರೊಸೆಸ್ ಶೀಟ್‌ನಲ್ಲಿ ಮತ್ತೆ ಬರೆದರೆ ಆರು ತಿಂಗಳಲ್ಲಿ ಎರಡೂ ಕಡೆ ಬೇರೆ ಬೇರೆ ಅಂಕಿ ಇರುತ್ತದೆ. ಪ್ರೋಗ್ರಾಂನ ಮೊದಲ ಸಾಲಿನಲ್ಲಿ, ಆವರಣದೊಳಗೆ, ಪಾರ್ಟ್ ನಂಬರ್ ಮತ್ತು ರಿವಿಷನ್ ಅಕ್ಷರ ಬರೆಸಿ. ಆಪರೇಟರ್ ಮೆಷಿನ್ ಪರದೆಯ ಅಕ್ಷರವನ್ನೂ ಪುಟದ ಅಕ್ಷರವನ್ನೂ ಹೋಲಿಸಿ ನೋಡಿಯೇ ಸೈಕಲ್ ಸ್ಟಾರ್ಟ್ ಒತ್ತಬೇಕು. ನಿಮ್ಮ ರಿಜೆಕ್ಷನ್ ಇಲ್ಲೇ ನಿಲ್ಲುತ್ತಿತ್ತು.

ಲಿಂಕ್‌ನ ನಿಜವಾದ ಬೆಲೆ ಗೊತ್ತಾಗುವುದು ಗೇಜ್‌ಗಳಲ್ಲಿ. ಬೋರ್ 25 ಎಚ್7 (25 ಮಿ.ಮೀ. ರಂಧ್ರ, ಎಚ್7 ಎಂಬ ಟಾಲರೆನ್ಸ್ ದರ್ಜೆ) ಇದ್ದರೆ ಅಳತೆ 25.000ರಿಂದ 25.021 ಮಿ.ಮೀ. ಒಳಗಿರಬೇಕು. ಆ ಅಳತೆಯ ಮುಂದೆ, ರಂಧ್ರದೊಳಗೆ ತೂರಿಸಿ ನೋಡುವ ಪ್ಲಗ್ ಗೇಜ್‌ನ ಪುಟಕ್ಕೆ ಲಿಂಕ್ ಕೊಡಿ. ಗೇಜ್‌ನ ಪುಟದಲ್ಲಿ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಮತ್ತು ಮುಂದಿನ ದಿನಾಂಕ ಇರಲಿ. ಈಗ ಕ್ಯಾಲಿಬ್ರೇಷನ್‌ನಲ್ಲಿ ಗೇಜ್‌ನ 'ಗೋ' ತುದಿ (ಸರಿಯಾದ ರಂಧ್ರದೊಳಗೆ ಸಲೀಸಾಗಿ ಹೋಗಬೇಕಾದ ತುದಿ) ಸವೆದಿದೆ ಎಂದು ಬಂತು ಅಂದುಕೊಳ್ಳಿ. ಸವೆದ ಗೋ ತುದಿ 25.000ಕ್ಕಿಂತ ಸಣ್ಣದು. ಅಂದರೆ ಬಿಗಿ ಬೋರ್‌ಗಳೂ ಪಾಸ್ ಆಗಿ ಹೋಗಿವೆ, ಗ್ರಾಹಕರ ಅಸೆಂಬ್ಲಿಯಲ್ಲಿ ಶಾಫ್ಟ್ ಕೂರದೆ ವಾಪಸ್ ಬರುತ್ತವೆ. ಆ ಗೇಜ್‌ನಿಂದ ಯಾವ ಯಾವ ಪಾರ್ಟ್ ಅಳೆದಿದ್ದೀರಿ? ಫೈಲ್ ತಿರುವುತ್ತಾ ಕೂತರೆ ದಿನಗಟ್ಟಲೆ ಹಿಡಿಯುತ್ತದೆ. ವಿಕಿಯಲ್ಲಿ ಗೇಜ್‌ನ ಪುಟ ತೆರೆದು 'ಇಲ್ಲಿಗೆ ಲಿಂಕ್ ಇರುವ ಪುಟಗಳು' ಎಂಬುದನ್ನು ಒತ್ತಿದರೆ 4417 ಸೇರಿ ಎಲ್ಲ ಪಾರ್ಟ್‌ಗಳ ಪಟ್ಟಿ ಎದುರಿಗಿರುತ್ತದೆ. ಯಾರೂ ಕೂತು ಆ ಪಟ್ಟಿ ಮಾಡಬೇಕಿಲ್ಲ, ಹಾಕಿದ ಲಿಂಕ್‌ಗಳೇ ಹೇಳುತ್ತವೆ. ಅಳತೆ ಸಾಧನ ಕೆಟ್ಟಿದೆ ಎಂದು ಗೊತ್ತಾದಾಗ ಹಿಂದಿನ ಅಳತೆಗಳ ಮೇಲೆ ಆದ ಪರಿಣಾಮ ನೋಡಲೇಬೇಕು ಎಂದು ಐಎಸ್‌ಒ 9001:2015 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಕೂಡ ಹೇಳುತ್ತದೆ. ಫಿಕ್ಸ್ಚರ್, ಇನ್ಸರ್ಟ್, ಕಚ್ಚಾ ಎರಕದ ಪ್ಯಾಟರ್ನ್ ಇವಕ್ಕೂ ಒಂದೊಂದು ಪುಟ ಮಾಡಿದರೆ ಇದೇ ಲಾಭ.

ಸ್ಟಾಕ್ ಲೆಕ್ಕ, ದಿನದ ಉತ್ಪಾದನೆ, ಇನ್‌ಸ್ಪೆಕ್ಷನ್ ಅಳತೆಗಳನ್ನು ವಿಕಿಗೆ ತುಂಬಬೇಡಿ. ಕೂಡಿ ಕಳೆಯಬೇಕಾದ ಅಂಕಿಗಳಿಗೆ ಟ್ಯಾಲಿ, ಇಆರ್‌ಪಿ ಅಥವಾ ಎಕ್ಸೆಲ್ ಸರಿ. ಎಲ್ಲ ಪಾರ್ಟ್‌ಗಳನ್ನೂ ಒಟ್ಟಿಗೆ ಏರಿಸಲು ಹೊರಡುವುದೂ ತಪ್ಪು. ಅರೆಬರೆ ಪುಟ ನೋಡಿದ ಆಪರೇಟರ್ ಮತ್ತೆ ಅದನ್ನು ತೆರೆಯುವುದಿಲ್ಲ. ಹೆಚ್ಚು ಓಡುವ ಹತ್ತು ಪಾರ್ಟ್ ಆರಿಸಿ, ಅವನ್ನು ಪೂರ್ತಿ ಮಾಡಿ, ನಂತರ ಮುಂದಿನ ಹತ್ತಕ್ಕೆ ಹೋಗಿ.

ಪ್ರಶ್ನೆ: ಎಕ್ಸೆಲ್‌ನಲ್ಲೇ ಮಾಸ್ಟರ್ ಲಿಸ್ಟ್ ಮಾಡಿ ಎಲ್ಲ ಡ್ರಾಯಿಂಗ್‌ಗೂ ಹೈಪರ್‌ಲಿಂಕ್ ಕೊಟ್ಟಿದ್ದೆವು. ಫೋಲ್ಡರ್ ಹೊಸ ಕಂಪ್ಯೂಟರ್‌ಗೆ ಹಾಕಿದ ಮೇಲೆ ಅರ್ಧಕ್ಕರ್ಧ ಲಿಂಕ್ ತೆರೆಯುತ್ತಿಲ್ಲ. ವಿಕಿಯಲ್ಲಿ ಹೀಗಾಗುವುದಿಲ್ಲ ಎಂಬುದಕ್ಕೆ ಏನು ಖಾತ್ರಿ?
(ಕ್ವಾಲಿಟಿ ಎಂಜಿನಿಯರ್, ಹಿರೇಹಳ್ಳಿ)

ಉತ್ತರ: ಎಕ್ಸೆಲ್ ಲಿಂಕ್ ನೆನಪಿಟ್ಟುಕೊಳ್ಳುವುದು ಫೈಲ್ ಕೂತಿರುವ ಜಾಗವನ್ನು. ಒಂದು ಕಂಪ್ಯೂಟರ್‌ನಲ್ಲಿ ಝಡ್ ಡ್ರೈವ್ ಆಗಿದ್ದದ್ದು ಇನ್ನೊಂದರಲ್ಲಿ ವೈ ಡ್ರೈವ್ ಆದರೆ ಲಿಂಕ್ ಸತ್ತಿತು. ಯಾರೋ ಫೋಲ್ಡರ್ ಹೆಸರಿಗೆ 'ಹೊಸದು' ಎಂದು ಸೇರಿಸಿದರೂ ಸತ್ತಿತು. ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋಗಿ ಪೂರ್ತಿ ಹಾದಿ 218 ಅಕ್ಷರ ದಾಟಿದರೆ ಆ ಫೈಲನ್ನು ಎಕ್ಸೆಲ್ ತೆರೆಯುವುದೇ ಇಲ್ಲ. ಗ್ರಾಹಕರ ಹೆಸರು, ಪ್ರಾಜೆಕ್ಟ್ ಹೆಸರು, ವರ್ಷ ಎಲ್ಲ ಸೇರಿಸಿದರೆ ಅಷ್ಟಾಗಲು ಹೊತ್ತು ಬೇಡ.

ವಿಕಿ ಲಿಂಕ್ ಹಿಡಿಯುವುದು ಪುಟದ ಹೆಸರನ್ನು. ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದು ಅದಕ್ಕೆ ಬೇಡ. ಆದರೆ ಹೆಸರನ್ನು ನೀವೇ ಬದಲಿಸುತ್ತಾ ಹೋದರೆ ಇಲ್ಲೂ ಲಿಂಕ್ ಸಾಯುತ್ತದೆ. ಅದಕ್ಕೇ ಪುಟದ ಹೆಸರಿನಲ್ಲಿ ಬದಲಾಗುವಂಥದ್ದು ಏನೂ ಇರಬಾರದು. ರಿವಿಷನ್, ಗ್ರಾಹಕರ ಹೆಸರು, ಮೆಷಿನ್ ನಿಂತಿರುವ ಜಾಗ ಯಾವುದೂ ಬೇಡ. ಪಾರ್ಟ್ ನಂಬರ್ ಒಂದೇ ಸಾಕು.

ಡ್ರಾಯಿಂಗ್ ಪಿಡಿಎಫ್‌ಗೆ ಮಾತ್ರ ಇದರ ತಿರುವು. ಅದರ ಫೈಲ್ ಹೆಸರಿನಲ್ಲಿ ರಿವಿಷನ್ ಇರಲೇಬೇಕು: 4417-ಬಿ, ಆಮೇಲೆ 4417-ಸಿ. ಹಳೆಯದರ ಮೇಲೆ ಅದೇ ಹೆಸರಲ್ಲಿ ಹೊಸದನ್ನು ಹಾಕಿದರೆ, ಫೋನ್‌ನ ಬ್ರೌಸರ್ ತಾನು ಮೊದಲೇ ಉಳಿಸಿಕೊಂಡ ಹಳೇ ಪ್ರತಿಯನ್ನು ತೋರಿಸಬಹುದು. ಆಪರೇಟರ್ ಸರಿಯಾದ ಲಿಂಕ್ ಒತ್ತಿಯೂ ಹಳೇ ಡ್ರಾಯಿಂಗ್ ನೋಡುತ್ತಿರುತ್ತಾನೆ. ಇದಕ್ಕಿಂತ ಅಪಾಯದ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ. ಹೊಸ ಹೆಸರಿನ ಫೈಲ್ ಹಾಕಿ, ಪುಟದಲ್ಲಿ ಲಿಂಕ್ ಬದಲಿಸಿ, ಹಳೆಯದನ್ನು ಎಂಜಿನಿಯರಿಂಗ್ ವಿಭಾಗ ಮಾತ್ರ ತೆರೆಯಬಹುದಾದ ಜಾಗಕ್ಕೆ ಸರಿಸಿ.

ಇನ್ನೊಂದು ಮಾತು. ವಿಕಿ ಪುಟದಿಂದ ಶೇರ್ಡ್ ಫೋಲ್ಡರ್‌ನ ಫೈಲ್‌ಗೆ ನೇರ ಲಿಂಕ್ ಕೊಟ್ಟರೆ ಕ್ರೋಮ್, ಫೈರ್‌ಫಾಕ್ಸ್ ಅದನ್ನು ತೆರೆಯುವುದಿಲ್ಲ. ಸುರಕ್ಷತೆಗಾಗಿ ಹಾಗೆ ಮಾಡಿದ್ದಾರೆ. ಸೆಟ್ಟಿಂಗ್ ಬದಲಿಸಿ ದಾರಿ ಹುಡುಕುವ ಬದಲು ಪಿಡಿಎಫ್‌ಗಳನ್ನು ವಿಕಿಗೇ ಏರಿಸಿ.

ಪ್ರಶ್ನೆ: ಪ್ರತಿ ಮೆಷಿನ್‌ಗೆ ಕ್ಯೂಆರ್ ಕೋಡ್ ಅಂಟಿಸಿದ್ದೇವೆ. ಕೂಲೆಂಟ್, ಎಣ್ಣೆ ತಾಗಿ ಕೆಲವೇ ವಾರಗಳಲ್ಲಿ ಸ್ಕ್ಯಾನ್ ಆಗುವುದು ನಿಂತಿತು. ಕೆಲವು ಹೊಸ ಸ್ಟಿಕ್ಕರ್ ಕೂಡ ಸ್ಕ್ಯಾನ್ ಆಗಿಯೂ ಪುಟ ಬರುವುದಿಲ್ಲ.
(ಶಿಫ್ಟ್ ಸೂಪರ್‌ವೈಸರ್, ಅಂತರಸನಹಳ್ಳಿ)

ಉತ್ತರ: ಇವು ಎರಡು ಬೇರೆ ತೊಂದರೆಗಳು.

ಸ್ಟಿಕ್ಕರ್ ವಿಚಾರ ಮೊದಲು. ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೋ ಕಂಪನಿ ವಾಹನ ಬಿಡಿಭಾಗಗಳ ಕಾರ್ಖಾನೆಗಾಗಿಯೇ ಮಾಡಿದ್ದು, ಕೊಳೆಯನ್ನು ತಡೆದುಕೊಳ್ಳುವ ಗುಣ ಅದರಲ್ಲೇ ಇದೆ. ದೋಷ ತಿದ್ದುವ ಮಟ್ಟ ನಾಲ್ಕು: ಎಲ್, ಎಂ, ಕ್ಯೂ, ಎಚ್. ಎಲ್ ಸುಮಾರು 7%, ಎಚ್ ಸುಮಾರು 30% ಹಾಳಾದರೂ ಓದಿಸುತ್ತದೆ. ಕೋಡ್ ಮಾಡುವಾಗ ಎಚ್ ಆರಿಸಿ, ವಿಳಾಸ ಚಿಕ್ಕದಿಡಿ. ಸರ್ವರ್‌ನ ಅಂಕಿ ವಿಳಾಸವೂ ಪುಟದ ಸಂಖ್ಯೆಯೂ ಸೇರಿ 24 ಅಕ್ಷರದೊಳಗಿದ್ದರೆ ಎಚ್ ಮಟ್ಟದಲ್ಲೂ 29×29 ಚೌಕದ ಕೋಡ್ ಸಾಕು. ಸುತ್ತ ನಾಲ್ಕು ನಾಲ್ಕು ಚೌಕದಷ್ಟು ಖಾಲಿ ಬಿಳಿ ಅಂಚು ಬಿಡಲೇಬೇಕು, ಒಟ್ಟು 37 ಆಯಿತು. 40 ಮಿ.ಮೀ. ಲೇಬಲ್‌ನಲ್ಲಿ ಒಂದು ಚೌಕ 1 ಮಿ.ಮೀ.ಗಿಂತ ಸ್ವಲ್ಪ ದೊಡ್ಡದು, ಯಾವ ಫೋನ್ ಆದರೂ ಓದುತ್ತದೆ. ಬಿಳಿ ಅಂಚಿನ ಮೇಲೆ ಮೆಷಿನ್ ಹೆಸರು ಛಾಪಿಸಿ, ಕೋಡ್ ಓದದಂತೆ ಮಾಡಿಕೊಳ್ಳುವವರು ಬಹಳ. ಲೇಬಲ್ ಅಗಲದ ಸುಮಾರು ಹತ್ತರಷ್ಟು ದೂರದಿಂದ ಸ್ಕ್ಯಾನ್ ಆಗುತ್ತದೆ ಎಂಬ ಲೆಕ್ಕ ಇಟ್ಟುಕೊಳ್ಳಿ: 40 ಮಿ.ಮೀ.ಗೆ 40 ಸೆಂ.ಮೀ.

ಸಾದಾ ಕಾಗದಕ್ಕೆ ಲ್ಯಾಮಿನೇಷನ್ ಮಾಡಿದರೆ ಅಂಚಿನಿಂದ ಕೂಲೆಂಟ್ ಒಳಗಿಳಿಯುತ್ತದೆ. ಹೊಳೆಯುವ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದರೂ ಕ್ಯಾಮೆರಾಗೆ ಕೋಡ್ ಕಾಣದು. ಅಂಗಡಿ ಬಿಲ್‌ನಂಥ ಥರ್ಮಲ್ ಕಾಗದ ಬಿಸಿಗೆ ಕಪ್ಪಾಗುತ್ತದೆ, ಬರುಬರುತ್ತಾ ಮಾಸುತ್ತದೆ. ಮ್ಯಾಟ್ ಪಾಲಿಯೆಸ್ಟರ್ ಲೇಬಲ್ ಮೇಲೆ ರೆಸಿನ್ ರಿಬ್ಬನ್‌ನಿಂದ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟ್ ಮಾಡಿಸಿ. ಅಂಟಿಸುವ ಮುಂಚೆ ಜಾಗದ ಎಣ್ಣೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೆಷಿನ್ ಬಾಗಿಲ ಮೇಲೆ ಬೇಡ, ಕಂಟ್ರೋಲ್ ಪ್ಯಾನೆಲ್‌ನ ಪಕ್ಕದಲ್ಲಿ ಅಂಟಿಸಿ.

ಸ್ಕ್ಯಾನ್ ಆಗಿಯೂ ಪುಟ ಬಾರದಿರುವುದು ಸ್ಟಿಕ್ಕರ್‌ನ ತಪ್ಪಲ್ಲ. ನಿಮ್ಮ ವಿಕಿ ಶಾಪ್‌ನ ವೈಫೈ ಒಳಗೆ ಮಾತ್ರ ಇದೆ, ಆ ವೈಫೈಗೆ ಇಂಟರ್‌ನೆಟ್ ಇಲ್ಲ ಎಂದು ಕಂಡ ಕೂಡಲೇ ಅನೇಕ ಫೋನ್‌ಗಳು ತಾವಾಗಿ ಮೊಬೈಲ್ ಡೇಟಾಗೆ ಜಿಗಿಯುತ್ತವೆ. ಹೊರಗಿನ ಜಾಲದಿಂದ ಒಳಗಿನ ವಿಳಾಸ ಸಿಗುವುದಿಲ್ಲ. ಶಾಪ್‌ಗೆಂದೇ ಸಿಮ್ ಇಲ್ಲದ ಎರಡು ಮೂರು ಟ್ಯಾಬ್ಲೆಟ್ ಇಡಿ, ಸಮಸ್ಯೆಯೇ ಇರುವುದಿಲ್ಲ. ಸರ್ವರ್‌ನ ಐಪಿ ವಿಳಾಸವನ್ನು ರೂಟರ್‌ನಲ್ಲಿ ಖಾಯಂ ಮಾಡಿಸಿ. ಇಲ್ಲವಾದರೆ ಕರೆಂಟ್ ಹೋಗಿ ಬಂದ ಮೇಲೆ ವಿಳಾಸ ಬದಲಾಗಿ, ಅಂಟಿಸಿದ ಅಷ್ಟೂ ಸ್ಟಿಕ್ಕರ್ ದಂಡವಾಗಬಹುದು.

ಪ್ರಶ್ನೆ: ಕೆಲಸದ ಸೂಚನೆಗಳನ್ನು ಕನ್ನಡದಲ್ಲೇ ಇಡಬೇಕು. ಹಳೆಯವೆಲ್ಲ ನುಡಿಯಲ್ಲಿ ಟೈಪ್ ಆಗಿವೆ. ವಿಕಿಗೆ ಪೇಸ್ಟ್ ಮಾಡಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.
(ತರಬೇತಿ ವಿಭಾಗ, ಸತ್ಯಮಂಗಲ)

ಉತ್ತರ: ಹಳೆಯ ನುಡಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದಂಥವು. ಬ್ರೌಸರ್‌ಗೆ ಬೇಕಿರುವುದು ಯೂನಿಕೋಡ್. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಪರಿವರ್ತಿಸಿಕೊಳ್ಳಿ. ಆದರೆ ಒಂದು ಎಚ್ಚರ: ಪರಿವರ್ತಕಕ್ಕೆ ಕನ್ನಡದ ನಡುವೆ ಬಂದ ಇಂಗ್ಲಿಷ್ ಪದ, ವ್ಯಾಸದ ಚಿಹ್ನೆ, ಪ್ಲಸ್-ಮೈನಸ್ ಚಿಹ್ನೆ ಯಾವುದು ಎಂದು ಗೊತ್ತಾಗದೆ ಅವನ್ನೂ ಕನ್ನಡ ಅಕ್ಷರ ಮಾಡಿಬಿಡಬಹುದು. ಅರ್ಕಾವತ್ತು, ಒತ್ತಕ್ಷರ ಕೆಟ್ಟರೆ ಓದುವವನಿಗೆ ತಿಳಿಯುತ್ತದೆ. ಟಾಲರೆನ್ಸ್ ಕೆಟ್ಟರೆ ತಿಳಿಯುವುದಿಲ್ಲ. ಆದ್ದರಿಂದ ಪರಿವರ್ತಿಸಿದ ಪುಟದ ಪ್ರತಿ ಅಂಕಿಯನ್ನೂ ಡ್ರಾಯಿಂಗ್ ಜೊತೆ ತಾಳೆ ನೋಡಿ. ಅಳತೆಗಳನ್ನು ಸೂಚನೆಯಲ್ಲಿ ಬರೆಯದೆ ಡ್ರಾಯಿಂಗ್‌ಗೆ ಲಿಂಕ್ ಕೊಟ್ಟುಬಿಟ್ಟರೆ ಇನ್ನೂ ಒಳ್ಳೆಯದು.

ಪುಟದ ತಲೆಬರಹ ಕನ್ನಡದಲ್ಲಿರಲಿ, ಪುಟದ ವಿಳಾಸ ಮಾತ್ರ ಅಂಕಿಯಲ್ಲಿರಲಿ. ವಿಳಾಸದಲ್ಲಿ ಕನ್ನಡದ ಒಂದೊಂದು ಅಕ್ಷರಸಂಕೇತವೂ ಒಂಬತ್ತು ಅಕ್ಷರದಷ್ಟು ಜಾಗ ತಿನ್ನುತ್ತದೆ. ಹತ್ತು ಸಂಕೇತದ ಹೆಸರು 90 ಅಕ್ಷರವಾಗಿ, ಮೇಲಿನ ಉತ್ತರದಲ್ಲಿ ಹೇಳಿದ 29×29 ಕ್ಯೂಆರ್ ಕೋಡ್ 57×57 ಆಗುತ್ತದೆ. ಅದೇ 40 ಮಿ.ಮೀ. ಲೇಬಲ್‌ನಲ್ಲಿ ಚೌಕ 0.6 ಮಿ.ಮೀ.ಗೆ ಇಳಿದು ಒಂದು ಹನಿ ಎಣ್ಣೆಗೇ ಓದದಂತಾಗುತ್ತದೆ.

ಹುಡುಕಾಟ ಕೈಕೊಡುವುದಕ್ಕೂ ಒಂದು ಕಾರಣವಿದೆ. 'ಆಫ್‌ಸೆಟ್' ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ಕೆಲವರು ಕಣ್ಣಿಗೆ ಕಾಣದ ವಿರಾಮ ಸಂಕೇತ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕಂಪ್ಯೂಟರ್‌ಗೆ ಅವು ಎರಡು ಬೇರೆ ಪದ. ಶಾಪ್‌ನಲ್ಲಿ ದಿನವೂ ಬಳಸುವ ಪದಗಳ ಪಟ್ಟಿಯನ್ನು ಒಬ್ಬರೇ ಟೈಪ್ ಮಾಡಲಿ, ಉಳಿದವರು ಅಲ್ಲಿಂದ ನಕಲು ಮಾಡಲಿ. ಪದಗಳು ಆಪರೇಟರ್ ಬಾಯಲ್ಲಿ ಇರುವಂಥವೇ ಆಗಿರಲಿ: ಜಾಬ್, ಕ್ಲ್ಯಾಂಪ್, ಬರ್, ಜೀರೋ. ನಿಘಂಟು ನೋಡಿ ಕನ್ನಡ ಮಾಡಿದ ಸೂಚನೆಯನ್ನು ಮೆಷಿನ್ ಮುಂದೆ ನಿಂತು ಯಾರೂ ಓದುವುದಿಲ್ಲ. ಬೇರೆ ರಾಜ್ಯದಿಂದ ಬಂದ ಹುಡುಗರೂ ಇದ್ದರೆ ಪ್ರತಿ ಹೆಜ್ಜೆಗೆ ಒಂದು ಫೋಟೋ ಹಾಕಿ, ಎಲ್ಲಿ ಕೈ ಇಡಬೇಕೋ ಅಲ್ಲಿ ಬಾಣದ ಗುರುತು ಮಾಡಿ.

ಪ್ರಶ್ನೆ: ಮೆಷಿನ್ ಮ್ಯಾನ್ಯುಯಲ್‌ಗಳ ಪಿಡಿಎಫ್ ಇವೆ, ಒಂದೊಂದೂ ನೂರಾರು ಪುಟ. ರಾತ್ರಿ ಶಿಫ್ಟ್‌ನಲ್ಲಿ ಅಲಾರ್ಮ್ ಬಂದರೆ ಹುಡುಗರು ಮ್ಯಾನ್ಯುಯಲ್ ಬಿಟ್ಟು ನನಗೇ ಫೋನ್ ಮಾಡುತ್ತಾರೆ.
(ಮೇಂಟೆನೆನ್ಸ್ ವಿಭಾಗ, ನರಸಾಪುರ, ಕೋಲಾರ ಜಿಲ್ಲೆ)

ಉತ್ತರ: ಮ್ಯಾನ್ಯುಯಲ್‌ಗೆ ಲಿಂಕ್ ಕೊಡಬೇಡಿ, ಅದರ ಒಳಗಿನ ಪುಟಕ್ಕೆ ಕೊಡಿ. ಪಿಡಿಎಫ್ ವಿಳಾಸದ ಕೊನೆಗೆ ಹ್ಯಾಷ್ ಚಿಹ್ನೆ, ಇಂಗ್ಲಿಷ್‌ನಲ್ಲಿ ಪೇಜ್ ಎಂಬ ಪದ, ಸಮ ಚಿಹ್ನೆ, ಪುಟ ಸಂಖ್ಯೆ ಸೇರಿಸಿದರೆ ಕಂಪ್ಯೂಟರ್ ಬ್ರೌಸರ್ ನೇರವಾಗಿ ಆ ಪುಟವನ್ನೇ ತೆರೆಯುತ್ತದೆ. ಇಲ್ಲಿ ಎಣಿಸಬೇಕಾದ್ದು ಫೈಲ್‌ನ ಪುಟ, ಹಾಳೆಯ ಕೆಳಗೆ ಅಚ್ಚಾದ ಸಂಖ್ಯೆಯಲ್ಲ. ಮುಖಪುಟ, ಪರಿವಿಡಿಯಿಂದಾಗಿ ಎರಡಕ್ಕೂ ವ್ಯತ್ಯಾಸವಿರುತ್ತದೆ. ಕೆಲವು ಫೋನ್‌ಗಳು ಪಿಡಿಎಫನ್ನು ಡೌನ್‌ಲೋಡ್ ಮಾಡಿ ಮೊದಲ ಪುಟದಿಂದ ತೋರಿಸುತ್ತವೆ. ಆದ್ದರಿಂದ ಪುಟ ಸಂಖ್ಯೆಯನ್ನು ಲಿಂಕ್‌ನ ಪಕ್ಕದಲ್ಲಿ ಬರೆದೂ ಇಡಿ. ವಿಡಿಯೋಗೂ ಹೀಗೇ ಮಾಡಬಹುದು: ಹ್ಯಾಷ್, ಟಿ, ಸಮ ಚಿಹ್ನೆ, 95 ಎಂದರೆ 95ನೇ ಸೆಕೆಂಡಿನಿಂದ ಶುರು. ವಿಡಿಯೋ ಎಂಪಿ4, ಎಚ್.264 ಮಾದರಿಯಲ್ಲಿರಲಿ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ನಿಮಿಷಕ್ಕೆ 15 ಎಂಬಿ ಆಗುತ್ತದೆ, ಶಾಪ್ ವೈಫೈಗೆ ಭಾರವಲ್ಲ.

ಪದೇ ಪದೇ ಬರುವ ಅಲಾರ್ಮ್‌ಗಳಿಗೆ ಒಂದೊಂದು ಪುಟ ಮಾಡಿ: ಪರದೆಯ ಮೇಲೆ ಏನು ಬರುತ್ತದೆ, ಏಕೆ, ಮೊದಲು ಏನು ನೋಡಬೇಕು, ಯಾವ ಬಿಡಿಭಾಗ ಬೇಕು, ಅದು ಸ್ಟೋರ್‌ನ ಯಾವ ಖಾನೆಯಲ್ಲಿದೆ. ಮಾಡಬಾರದ್ದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಉದಾಹರಣೆಗೆ, ಅಕ್ಷಗಳ ಸ್ಥಾನ ನೆನಪಿಟ್ಟುಕೊಳ್ಳುವ ಆಬ್ಸಲ್ಯೂಟ್ ಎನ್‌ಕೋಡರ್‌ನ ಬ್ಯಾಟರಿ ಕಡಿಮೆಯಾಗಿದೆ ಎಂಬ ಎಚ್ಚರಿಕೆ. ಎನ್‌ಕೋಡರ್ ಬ್ಯಾಟರಿಯನ್ನು ಮೆಷಿನ್ ಪವರ್ ಆನ್ ಇರುವಾಗಲೇ, ಎಮರ್ಜೆನ್ಸಿ ಸ್ಟಾಪ್ ಒತ್ತಿ ಬದಲಿಸುವುದು ಕ್ರಮ. ಆಫ್ ಮಾಡಿ ತೆಗೆದರೆ ಅಕ್ಷಗಳ ರೆಫರೆನ್ಸ್ ಸ್ಥಾನ ಅಳಿಸಿಹೋಗಿ ಮತ್ತೆ ಸೆಟ್ ಮಾಡಬೇಕಾಗುತ್ತದೆ. ಎಚ್ಚರಿಕೆಯಿಂದ ಮೊದಲು ಪವರ್ ಆಫ್ ಮಾಡುವುದು ಎಲ್ಲ ಹುಡುಗರ ಸಹಜ ಬುದ್ಧಿ, ಅದಕ್ಕೇ ಈ ಸಾಲು ಮ್ಯಾನ್ಯುಯಲ್‌ನ ನಡುವೆ ಇದ್ದರೆ ಸಾಲದು. ಪ್ಯಾನೆಲ್ ಒಳಗೆ ಜೀವಂತ ವಿದ್ಯುತ್ ಇರುವುದರಿಂದ ಯಾರು ಬಾಗಿಲು ತೆರೆಯಬಹುದು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ.

ಪ್ರಶ್ನೆ: ಕಾಗದದಲ್ಲಿ ಸಹಿ ಇಲ್ಲದಿದ್ದರೆ ಆಡಿಟರ್ ಒಪ್ಪುತ್ತಾರೆಯೇ?

ಉತ್ತರ: ಐಎಸ್‌ಒ 9001:2015ರ 7.5ನೇ ಭಾಗ ಕಾಗದವನ್ನಾಗಲಿ ಶಾಯಿಯ ಸಹಿಯನ್ನಾಗಲಿ ಕೇಳುವುದಿಲ್ಲ. ದಾಖಲೆಗೆ ಗುರುತಿರಬೇಕು, ಪರಿಶೀಲಿಸಿ ಒಪ್ಪಿಗೆ ಕೊಟ್ಟಿರಬೇಕು, ಬೇಕಾದಲ್ಲಿ ಸಿಗಬೇಕು, ಬದಲಾವಣೆಗಳು ಹತೋಟಿಯಲ್ಲಿರಬೇಕು. ವಿಕಿ ಇವನ್ನು ಕಾಗದಕ್ಕಿಂತ ಚೆನ್ನಾಗಿ ಮಾಡುತ್ತದೆ, ಎಲ್ಲರೂ ಒಂದೇ 'ಅಡ್ಮಿನ್' ಲಾಗಿನ್ ಬಳಸದಿದ್ದರೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ. ಕರಡನ್ನು ಯಾರಾದರೂ ತಿದ್ದಲಿ, ಒಪ್ಪಿಗೆ ಸಿಕ್ಕ ಪುಟ ಮಾತ್ರ ಆಪರೇಟರ್‌ಗೆ ಕಾಣಲಿ. ಇದಕ್ಕೆ ಡೋಕುವಿಕಿಯಲ್ಲಿ ಪ್ಲಗಿನ್‌ಗಳಿವೆ. ವಾಹನ ಕಂಪನಿಗಳಿಗೆ ಸರಬರಾಜು ಮಾಡುವವರು ಐಎಟಿಎಫ್ 16949 ಎಂಬ ವಾಹನ ಉದ್ಯಮದ ಗುಣಮಟ್ಟ ಮಾನದಂಡದ ಎರಡು ಮಾತು ನೆನಪಿಡಬೇಕು. ಗ್ರಾಹಕರ ಎಂಜಿನಿಯರಿಂಗ್ ಬದಲಾವಣೆ ಕೈಸೇರಿದ 10 ಕೆಲಸದ ದಿನಗಳಲ್ಲಿ ಪರಿಶೀಲನೆ ಮುಗಿಯಬೇಕು. ಪಿಪಿಎಪಿ (ಉತ್ಪಾದನೆಗೆ ಮುಂಚೆ ಪಾರ್ಟ್‌ಗೆ ಗ್ರಾಹಕರಿಂದ ಪಡೆಯುವ ಒಪ್ಪಿಗೆ), ಟೂಲಿಂಗ್ ಮುಂತಾದ ದಾಖಲೆಗಳು ಆ ಪಾರ್ಟ್ ಉತ್ಪಾದನೆ ಮತ್ತು ಸರ್ವೀಸ್‌ನಲ್ಲಿ ಇರುವಷ್ಟು ಕಾಲ, ಅದರ ಮೇಲೆ ಒಂದು ಕ್ಯಾಲೆಂಡರ್ ವರ್ಷ ಉಳಿಯಬೇಕು.

ಪ್ರಶ್ನೆ: ಸರ್ವರ್‌ಗೆ ದೊಡ್ಡ ಖರ್ಚು ಬೇಕೇ? ಗೂಗಲ್ ಡ್ರೈವ್‌ನಲ್ಲೇ ಮಾಡಿದರೆ ಆಗದೇ?
(ಇಬ್ಬರು ಓದುಗರು, ತುಮಕೂರು)

ಉತ್ತರ: ಆಫೀಸಿನಲ್ಲಿ ಬಿಟ್ಟ ಹಳೇ ಡೆಸ್ಕ್‌ಟಾಪ್‌ಗೆ 8 ಜಿಬಿ ಮೆಮೊರಿ, ಹೊಸ ಎಸ್‌ಎಸ್‌ಡಿ, ಒಂದು ಯುಪಿಎಸ್ ಕೊಟ್ಟರೆ ಡೋಕುವಿಕಿಗೆ ಧಾರಾಳ. ರಾಸ್ಪ್‌ಬೆರಿ ಪೈ ಕೂಡ ನಡೆಯುತ್ತದೆ, ಆದರೆ ಎಸ್‌ಡಿ ಕಾರ್ಡ್ ಮೇಲೆ ಬೇಡ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡುತ್ತದೆ. ಎರಡು ಹಾರ್ಡ್‌ಡಿಸ್ಕ್ ಇಟ್ಟು ವಾರವಾರ ಬದಲಿಸುತ್ತಾ ಬ್ಯಾಕಪ್ ಮಾಡಿ, ಒಂದು ಸದಾ ಕಾರ್ಖಾನೆಯ ಹೊರಗಿರಲಿ. ಯಾವಾಗಲೂ ಕಂಪ್ಯೂಟರ್‌ಗೆ ಚುಚ್ಚಿಯೇ ಇರುವ ಡಿಸ್ಕ್ ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದಕ್ಕೂ ಬೀಗ ಬೀಳುತ್ತದೆ. ಬ್ಯಾಕಪ್‌ನಿಂದ ಬೇರೆ ಕಂಪ್ಯೂಟರ್‌ನಲ್ಲಿ ವಿಕಿ ಎಬ್ಬಿಸಿ ನೋಡುವವರೆಗೆ ಬ್ಯಾಕಪ್ ಇದೆ ಎಂದು ನಂಬಬೇಡಿ.

ಗೂಗಲ್ ಡ್ರೈವ್ ವಿಚಾರದಲ್ಲಿ ಮೊದಲು ಗ್ರಾಹಕರ ಜೊತೆಗಿನ ಗೋಪ್ಯತಾ ಒಪ್ಪಂದ ಓದಿ. ಡ್ರಾಯಿಂಗನ್ನು ಹೊರಗಿನ ಸರ್ವರ್‌ಗೆ ಹಾಕಲು ಅನುಮತಿ ಬೇಕಾಗಬಹುದು. ನೌಕರರೊಬ್ಬರ ಸ್ವಂತ ಜಿಮೇಲ್‌ನಲ್ಲಿ ಫೈಲ್‌ಗಳಿದ್ದರೆ ಅವರು ಕೆಲಸ ಬಿಟ್ಟ ದಿನ ಲಿಂಕ್‌ಗಳ ಗತಿ ಅವರ ಕೈಯಲ್ಲಿ. ನೆಟ್ ಹೋದಾಗ ಮೆಷಿನ್ ನಿಲ್ಲಿಸುವ ಪರಿಸ್ಥಿತಿಯೂ ಬೇಡ. ಮನೆಯಿಂದ ನೋಡಬೇಕೆಂದು ರೂಟರ್‌ನಲ್ಲಿ ಪೋರ್ಟ್ ತೆರೆದು ವಿಕಿಯನ್ನು ಇಂಟರ್‌ನೆಟ್‌ಗೆ ಒಡ್ಡಬೇಡಿ, ವಿಪಿಎನ್ (ಇಂಟರ್‌ನೆಟ್ ಮೇಲೆ ಹಾದರೂ ಹೊರಗಿನವರಿಗೆ ಕಾಣದ ಖಾಸಗಿ ಸಂಪರ್ಕ) ಮೂಲಕ ಬನ್ನಿ. ವಿಪಿಎನ್ ಹಾಕಲು ಬಲ್ಲವರು ಸಿಗುವವರೆಗೆ ವಿಕಿ ಶಾಪ್‌ನ ಗೋಡೆಯೊಳಗೇ ಇರಲಿ.